ಆಪಾದಿತನ ಪರವಾಗಿ ನುಡಿಯುವವರು

ವಕೀಲನೆಂಬ ಶಬ್ದವು ಅರಬ್ಬೀ ಮೂಲದ್ದು. ಕಾರ್ಯವನ್ನು ಒಪ್ಪಿಸಿಕೊಂಡವನೆಂದು ಅದರ ಅರ್ಥ. ಪದವು ಹೊರಗಿನಿಂದ ಬಂದುದಾದರೂ ಪದ್ಧತಿಯು ನಮ್ಮ ಧರ್ಮಶಾಸ್ತ್ರಗಳಿಗೆ ಅಪರಿಚಿತವಲ್ಲ. ಬಂಧುವೂ ಅಲ್ಲದೆ ನಿಯುಕ್ತನೂ ಅಲ್ಲದೆ ಪರರ ವ್ಯವಹಾರದಲ್ಲಿ ನುಡಿಯುವವನು ದಂಡಾರ್ಹನೆಂದು ನಾರದನು ವಿಧಿಸುತ್ತಾನೆ. ಎಂದಮೇಲೆ ನಿಯುಕ್ತನಾದವನು ನುಡಿಯಬಹುದಾಗಿದ್ದಿತು. ಆದರೆ ಬ್ರಹ್ಮಹತ್ಯೆ, ಕಳವು ಮೊದಲಾದ ಘೋರಾಪಾದನೆಗಳಲ್ಲಿ ಪ್ರತಿನಿಧಿಯನ್ನು ಕೊಡಕೂಡದು, ಮಾಡಿದವನೇ ಉತ್ತರ ಹೇಳತಕ್ಕದ್ದೆಂಬುದು ಕಾತ್ಯಾಯನನ ಮತ. ಸಾಲದ ವ್ಯಾಜ್ಯಕ್ಕೆ ನೆರವುಂಟು, ತಲೆ ಹೋಗುವ ವ್ಯಾಜ್ಯಕ್ಕಿಲ್ಲ! ‘ಮಾಡಿದವನು’ ಎಂದು ಮೊದಲೇ ನಿಶ್ಚಯಿಸಿದಮೇಲೆ ವಿಚಾರಣೆಗೆ ಉಳಿದುದೇನೆಂಬ ಸಂದೇಹವು ಇಲ್ಲಿ ಸಹಜವಾಗಿ ಏಳುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವ ೧೩೬೮ರ ಶಾಸನದಂತೆ, ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡು ನ್ಯಾಯ ಪಡೆದರು. ಹಲವು ನಾಡುಗಳಿಂದ ಸಮುದಾಯವಾಗಿ ಬಂದವರಿಗೆ ಆ ಬಲವಿದ್ದಿತು. ಕಟಕಟೆಯಲ್ಲಿ ಒಂಟಿಯಾಗಿ ನಿಂತ ಆಪಾದಿತನಿಗೆ ಅದೆಲ್ಲಿಯದು?

ಇಂದಿನ ನ್ಯಾಯಪದ್ಧತಿಯು ಕಾತ್ಯಾಯನನ ಕ್ರಮವನ್ನು ತಲೆಕೆಳಗು ಮಾಡಿದೆ. ಬಂಧಿತನು ತಾನು ಆರಿಸಿದ ವಕೀಲನಿಂದ ರಕ್ಷಣೆ ಪಡೆಯುವುದು ಸಂವಿಧಾನದ ೨೨(೧)ನೆಯ ವಿಧಿಯಂತೆ ಹಕ್ಕು. ಉಚಿತ ನೆರವಿನ ೩೯ಎ ವಿಧಿಯು ೧೯೭೬ರಲ್ಲಿ ಸೇರಿತು. ಅರಕಲಗೂಡಿನ ಹಳ್ಳಿಯೊಂದರ ಕೂಲಿಗಾರನು ಕೊಲೆಯ ಆಪಾದನೆಗೆ ಸಿಕ್ಕಿದನೆನ್ನೋಣ. ಅವನು ಮೊದಲು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವನು. ಮೊಕದ್ದಮೆಯು ಆಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುವುದು. ನೆರವಿನ ಹಕ್ಕು ಆ ಮೊದಲ ದಿನದಿಂದಲೇ ಹುಟ್ಟುವುದೆಂದು ಸರ್ವೋಚ್ಚ ನ್ಯಾಯಾಲಯವು ೧೯೮೧ರ ಖತ್ರಿ ಪ್ರಕರಣದಲ್ಲಿಯೂ, ಕೇಳಲಿಲ್ಲವೆಂಬ ಕಾರಣದಿಂದ ಅದು ಕಳೆದುಹೋಗದೆಂದು ೧೯೮೬ರ ಸುಖದಾಸ್ ಪ್ರಕರಣದಲ್ಲಿಯೂ ಹೇಳಿತು. ಬಂಧನದಲ್ಲಿರುವವನಿಗೆ ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು ಆದಾಯವನ್ನು ಎಣಿಸದೆ ವಕೀಲನನ್ನು ಒದಗಿಸುತ್ತದೆ. ಇದಕ್ಕಾಗಿ ಹಾಸನದಲ್ಲಿ ಜಿಲ್ಲಾ ಪ್ರಾಧಿಕಾರವೂ, ಹೊಳೆನರಸೀಪುರದಂಥ ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿಗಳೂ ಇವೆ.

ವಕೀಲನು ಪಕ್ಕದಲ್ಲಿ ನಿಂತಮಾತ್ರಕ್ಕೆ ನೆರವಾಯಿತೆನ್ನಲಾಗದು. ೧೯೮೭ರ ಅಧಿನಿಯಮಕ್ಕಿಂತಲೂ ಮಿಗಿಲಾಗಿ ಈ ಮಾತನ್ನು ಮನದಟ್ಟು ಮಾಡಿದುದು ೨೦೧೯ರ ಅನೋಖಿಲಾಲ್ ತೀರ್ಪು. ವಕೀಲನು ನೇಮಕವಾದ ದಿನವೇ ದೋಷಾರೋಪವನ್ನು ರಚಿಸಿ, ಕೆಲವೇ ದಿನಗಳಲ್ಲಿ ಮರಣದಂಡನೆ ವಿಧಿಸಿದ್ದ ಆ ಮೊಕದ್ದಮೆಯನ್ನು ಹೊಸದಾಗಿ ವಿಚಾರಿಸಬೇಕೆಂದು ಆಜ್ಞೆಯಾಯಿತು. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಪ್ರಕರಣಗಳಿಗೆ ಕನಿಷ್ಠ ೧೦ ವರ್ಷ ವೃತ್ತಿ ನಡೆಸಿದ ವಕೀಲರೇ ಬೇಕು, ಸಿದ್ಧತೆಗೆ ಸಾಮಾನ್ಯವಾಗಿ ೭ ದಿನಗಳಾದರೂ ಇರಬೇಕು ಎಂದು ಅಲ್ಲಿ ನಿರ್ಣಯಿಸಲಾಯಿತು.

ವಕೀಲರೇ ಹಿಂದೆಗೆದರೆ? ೨೦೨೦ರ ಫೆಬ್ರುವರಿಯಲ್ಲಿ ರಾಜದ್ರೋಹದ ಆಪಾದನೆಗೊಳಗಾದ ಕಾಶ್ಮೀರದ ಮೂವರು ವಿದ್ಯಾರ್ಥಿಗಳ ಪರ ಯಾರೂ ವಾದಿಸಕೂಡದೆಂದು ಹುಬ್ಬಳ್ಳಿಯ ವಕೀಲರ ಸಂಘವು ಠರಾವು ಮಾಡಿತು. ಇದು ಸಂವಿಧಾನಕ್ಕೆ ವಿರುದ್ಧವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಕಟುವಾಗಿ ನುಡಿಯಿತು. ಅವರ ಪರವಾಗಿ ಹೋಗುವ ವಕೀಲರಿಗೆ ಪೊಲೀಸರ ರಕ್ಷಣೆಯನ್ನೂ ಕೊಡಿಸಬೇಕಾಯಿತು.