ಟೆಲಿವಿಷನ್ನಿನ ಪರದೆಯ ಮೇಲೆ ಕಂಪ್ಯೂಟರಿನ ಅಕ್ಷರಗಳು

ಮನೆಯಲ್ಲಿ ಕಂಪ್ಯೂಟರಿನ ಪೆಟ್ಟಿಗೆಯಿದ್ದು ಪರದೆಯಿಲ್ಲದಿದ್ದರೆ, ಹಜಾರದ ಗೋಡೆಯಲ್ಲಿರುವ ಟೆಲಿವಿಷನ್ನನ್ನೇ ಪರದೆಯನ್ನಾಗಿ ಮಾಡಿಕೊಳ್ಳಬಹುದಷ್ಟೆ. ಎರಡರ ಹಿಂಬದಿಯಲ್ಲಿಯೂ ಒಂದೇ ಆಕಾರದ ಕಿಂಡಿಯಿರುತ್ತದೆ. ನಡುವೆ ತಂತಿಯನ್ನು ಸಿಕ್ಕಿಸಿದೊಡನೆ ಚಿತ್ರವು ಮೂಡುತ್ತದೆ. ಆದರೆ ಹೀಗೆ ಜೋಡಿಸಿದವರಲ್ಲಿ ಅನೇಕರು ನಿರಾಶರಾಗುವುದುಂಟು. ಚಲನಚಿತ್ರವು ಸೊಗಸಾಗಿ ಕಾಣುತ್ತದೆ, ಅಕ್ಷರಗಳು ಮಾತ್ರ ಮಸುಕು. ಪರದೆಯ ಅಂಚಿನಲ್ಲಿರಬೇಕಾದ ಪಟ್ಟಿಯು ಅರ್ಧ ಕತ್ತರಿಸಿಹೋಗಿರುತ್ತದೆ. ಕನ್ನಡದಲ್ಲಿಯಂತೂ ಅಕ್ಷರದ ಕೆಳಗೆ ಬರುವ ಒತ್ತುಗಳು ಒಂದರೊಡನೊಂದು ಕಲೆತುಹೋಗಿ, ‘ಷ್ಟ’ ಯಾವುದು ‘ಷ್ಣ’ ಯಾವುದು ಎಂಬುದೇ ತಿಳಿಯದು. ಟೆಲಿವಿಷನ್ನು ಓದುವುದಕ್ಕೆ ತಕ್ಕುದಲ್ಲವೆಂದು ಜನರು ಆಗ ನಿರ್ಣಯಿಸುತ್ತಾರೆ.

ಈ ನಿರ್ಣಯವು ಬಹುಮಟ್ಟಿಗೆ ತಪ್ಪು. ಇದರಿಂದಾಗುವ ನಷ್ಟವೂ ಅಲ್ಪವಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಚಂದನ’ ವಾಹಿನಿಯ ಮೂಲಕ ಪಾಠಗಳು ಪ್ರಸಾರವಾದುದನ್ನು ವಾಚಕರು ಮರೆತಿರಲಾರರು. ಅಂದು ಟೆಲಿವಿಷನ್ನೇ ಶಾಲೆಯಾಯಿತು. ಆದರೆ ವಿದ್ಯಾರ್ಥಿಯು ಅದನ್ನು ನೋಡಬಹುದಾಗಿತ್ತೇ ಹೊರತು ಅದರಲ್ಲಿ ಬರೆಯುವಂತಿರಲಿಲ್ಲ. ಅದೇ ಪರದೆಗೆ ಒಂದು ಚಿಕ್ಕ ಕಂಪ್ಯೂಟರನ್ನು ಜೋಡಿಸಿದರೆ ಅದು ಬರೆಯುವ ಹಲಗೆಯೂ ಆಗುತ್ತದೆ. 2025ರ ನವೆಂಬರಿನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ‘ಕಿಯೋ’ ಎಂಬ ಕಿರುಕಂಪ್ಯೂಟರನ್ನು ಪರಿಚಯಿಸಿತು. ಅಂತಹ ಪೆಟ್ಟಿಗೆಗಳಿಗೆ ಪರದೆಯನ್ನು ಬೇರೆಯಾಗಿ ಒದಗಿಸಬೇಕು. ಆದುದರಿಂದ ಅಕ್ಷರಗಳು ಏಕೆ ಮಸುಕಾಗುತ್ತವೆ, ಅವನ್ನು ಹೇಗೆ ತಿಳಿಯಾಗಿಸಬಹುದು ಎಂಬುದನ್ನು ವಿಚಾರಿಸುವುದು ಪ್ರಯೋಜನಕರವಾದುದು.

ಚುಕ್ಕಿಗೆ ಚುಕ್ಕಿ

ಬೆಂಗಳೂರಿನ ದಂಡುಪ್ರದೇಶದ ರಿಚರ್ಡ್ಸ್ ಟೌನಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಎಸ್. ಪಿ. ರಸ್ತೆಯ ಅಂಗಡಿಯಿಂದ, ಕಚೇರಿಯಲ್ಲಿ ಬಳಸಿ ಮಾರಿದ ಕಂಪ್ಯೂಟರೊಂದನ್ನು ಕೊಂಡು ತಂದಿರುವಳೆಂದಿಟ್ಟುಕೊಳ್ಳಿ. ಮನೆಯಲ್ಲಿ 32 ಅಂಗುಲದ ಟೆಲಿವಿಷನ್ ಇದೆ. ಈ ಅಳತೆಯ ಯಂತ್ರಗಳಲ್ಲಿ ಅನೇಕವುಗಳ ಪರದೆಯಲ್ಲಿ ಅಡ್ಡಲಾಗಿ 1366, ನೆಟ್ಟಗೆ 768 ಬೆಳಕಿನ ಚುಕ್ಕಿಗಳಿರುತ್ತವೆ. ಕಂಪ್ಯೂಟರಾದರೋ 1920 ಅಡ್ಡ, 1080 ನೆಟ್ಟಗೆ, ಎಂದರೆ 20,73,600 ಚುಕ್ಕಿಗಳ ಚಿತ್ರವನ್ನು ಕಳುಹಿಸುತ್ತಿದೆ. ಇಷ್ಟನ್ನೂ ಪರದೆಯ 10,49,088 ಚುಕ್ಕಿಗಳಲ್ಲಿ ಅಡಗಿಸಬೇಕು.

ರಂಗೋಲಿ ಹಾಕುವವರಿಗೆ ಈ ಕಷ್ಟವು ಸುಲಭವಾಗಿ ಅರ್ಥವಾಗುತ್ತದೆ. ಹದಿನೈದು ಚುಕ್ಕಿಗಳಿಗೆಂದು ರಚಿಸಿದ ರಂಗೋಲಿಯನ್ನು ಹನ್ನೊಂದು ಚುಕ್ಕಿಗಳ ಮೇಲೆ ಬಿಡಿಸಲು ಹೋದರೆ ಗೆರೆಗಳು ಚುಕ್ಕಿಗಳ ನಡುವೆ ಬೀಳುತ್ತವೆ. ಟೆಲಿವಿಷನ್ನಿಗೆ ಚುಕ್ಕಿಗಳ ನಡುವೆ ಗೆರೆಯೆಳೆಯಲು ಬಾರದು. ಆದುದರಿಂದ ಅದು ಗೆರೆಯ ಕಪ್ಪನ್ನು ಅಕ್ಕಪಕ್ಕದ ಚುಕ್ಕಿಗಳಿಗೆ ಹಂಚಿ ಎರಡನ್ನೂ ಬೂದುಬಣ್ಣವಾಗಿಸುತ್ತದೆ. ಮುಖ, ಮರ, ಮೋಡಗಳ ಚಿತ್ರದಲ್ಲಿ ಈ ಹಂಚಿಕೆಯು ಕಣ್ಣಿಗೆ ಬೀಳದು. ಅಕ್ಷರದ ಗೆರೆಯಾದರೋ ಒಂದೆರಡು ಚುಕ್ಕಿಗಳಷ್ಟೇ ದಪ್ಪವಾದುದರಿಂದ ಅದು ಕೆಟ್ಟೇ ಹೋಗುತ್ತದೆ. ಕಂಪ್ಯೂಟರು ಕಳುಹಿಸಿದ ಒಂದೊಂದು ಚುಕ್ಕಿಯೂ ಪರದೆಯ ಒಂದೊಂದು ಚುಕ್ಕಿಯ ಮೇಲೆಯೇ ಕೂರಬೇಕೆಂಬುದೇ ಈ ಜೋಡಣೆಯ ಮುಖ್ಯ ಸೂತ್ರ.

ಹಾಗಾದರೆ ಕಂಪ್ಯೂಟರು ತಪ್ಪು ಅಳತೆಯನ್ನೇಕೆ ಆರಿಸಿತು? ತಂತಿಯನ್ನು ಜೋಡಿಸಿದೊಡನೆ ಟೆಲಿವಿಷನ್ನು ತನ್ನ ಪರಿಚಯಪತ್ರವನ್ನು ಕಂಪ್ಯೂಟರಿಗೆ ಓದಗೊಡುತ್ತದೆ. ಅದರ ಮೂಲಭಾಗ 128 ಬೈಟುಗಳಷ್ಟು ಚಿಕ್ಕದು. ತಾನು ಯಾವ ಯಾವ ಅಳತೆಯ ಚಿತ್ರಗಳನ್ನು ಸ್ವೀಕರಿಸಬಲ್ಲೆನೆಂಬುದು ಅದರಲ್ಲಿ ಬರೆದಿರುತ್ತದೆ. ಚಲನಚಿತ್ರಗಳು 1920 ಅಡ್ಡಚುಕ್ಕಿಗಳಲ್ಲಿ ಬರುವುದರಿಂದ, 1366ರ ಪರದೆಯುಳ್ಳ ಯಂತ್ರವೂ ‘1920ನ್ನು ಕೊಡು’ ಎಂದು ಹೇಳುವುದುಂಟು. ಕಂಪ್ಯೂಟರು ಅದನ್ನು ನಂಬುತ್ತದೆ. ಬಳಸುವವರು ಕಂಪ್ಯೂಟರಿನ ಪರದೆಯ ಆಯ್ಕೆಗೆ ಹೋಗಿ 1366×768 ಅಥವಾ 1360×768 ಎಂಬುದನ್ನು ಆರಿಸಬೇಕು. ಕೆಲವು ಯಂತ್ರಗಳು ಈ ಅಳತೆಗಳನ್ನು ಒಪ್ಪುವುದಿಲ್ಲ; ಆಗ ಅಕ್ಷರದ ಗಾತ್ರವನ್ನು ಒಂದೂವರೆ ಪಾಲು ಹೆಚ್ಚಿಸಿಕೊಳ್ಳುವುದೇ ಉಪಾಯ.

ಅಂಚು ಕತ್ತರಿಸುವ ಹಳೆಯ ಅಭ್ಯಾಸ

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರವು ಆರಂಭವಾದಾಗ ಮನೆಗಳಲ್ಲಿದ್ದುದು ಗಾಜಿನ ಚಿತ್ರನಳಿಕೆಯ ಯಂತ್ರಗಳು. ಇಲೆಕ್ಟ್ರಾನುಗಳ ಕಿರಣವೊಂದು ಗಾಜಿನ ಒಳಮೈಯ ಮೇಲೆ ಸಾಲುಸಾಲಾಗಿ ಓಡಿ ಚಿತ್ರವನ್ನು ಬರೆಯುತ್ತಿದ್ದಿತು. ವಿದ್ಯುತ್ತಿನ ಒತ್ತಡವು ಏರಿಳಿದಾಗ ಚಿತ್ರವೂ ಸ್ವಲ್ಪ ಹಿಗ್ಗಿ ಕುಗ್ಗುತ್ತಿದ್ದಿತು. ಕುಗ್ಗಿದಾಗ ಸುತ್ತಲೂ ಕಪ್ಪು ಅಂಚು ಕಾಣಬಾರದೆಂದು, ಚಿತ್ರವು ಗಾಜಿಗಿಂತ ತುಸು ದೊಡ್ಡದಾಗಿ ಬೀಳುವಂತೆ ಯಂತ್ರವನ್ನು ರಚಿಸುತ್ತಿದ್ದರು.

ಇಂದಿನ ಚಪ್ಪಟೆ ಪರದೆಯಲ್ಲಿ ಕಿರಣವೂ ಇಲ್ಲ, ಹಿಗ್ಗುವ ಭಯವೂ ಇಲ್ಲ. ಆದರೂ ಅಭ್ಯಾಸವು ಉಳಿದುಬಂದಿದೆ. 1920 ಚುಕ್ಕಿಗಳಲ್ಲಿ ಅಂಚಿನ ನೂರಕ್ಕೆ ಐದು ಭಾಗವನ್ನು ಬಿಟ್ಟರೆ ಉಳಿಯುವುದು 1824. ಅವನ್ನು ಮತ್ತೆ ಇಡೀ ಪರದೆಗೆ ಹಿಗ್ಗಿಸಬೇಕಾದುದರಿಂದ, ಅಂಚು ಹೋಗುವುದಲ್ಲದೆ ನಡುವಿನ ಅಕ್ಷರಗಳೂ ಮಸುಕಾಗುತ್ತವೆ. ಇದನ್ನು ತಪ್ಪಿಸುವ ಆಯ್ಕೆಗೆ ತಯಾರಕರು ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಮುಂತಾಗಿ ಬೇರೆ ಬೇರೆ ಹೆಸರುಗಳನ್ನಿಟ್ಟಿದ್ದಾರೆ.

ಬಣ್ಣದಲ್ಲಿ ಮಾಡುವ ಉಳಿತಾಯ

ನಮ್ಮ ಕಣ್ಣು ಬೆಳಕಿನ ಹೆಚ್ಚುಕಡಿಮೆಯನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸಲಾರದು. ಟೆಲಿವಿಷನ್ನಿನ ತಜ್ಞರು ಈ ದೌರ್ಬಲ್ಯವನ್ನು ಬಳಸಿಕೊಂಡು, ಕಾಂತಿಯನ್ನು ಪ್ರತಿ ಚುಕ್ಕಿಗೂ, ಬಣ್ಣವನ್ನು ಎರಡು ಅಥವಾ ನಾಲ್ಕು ಚುಕ್ಕಿಗಳಿಗೆ ಒಟ್ಟಾಗಿಯೂ ನಿರ್ವಹಿಸುತ್ತಾರೆ. ಚಲನಚಿತ್ರಕ್ಕೆ ಇದು ಸಾಕು. ನೀಲಿಯ ಮೇಲೆ ಕೆಂಪು ಅಕ್ಷರವನ್ನು ಬರೆದರೆ ಮಾತ್ರ ಬಣ್ಣವು ಗೆರೆಯನ್ನು ದಾಟಿ ಹರಡುತ್ತದೆ. ಕಾಂತಿಯ ಮಟ್ಟಗಳಲ್ಲಿಯೂ ಭೇದವುಂಟು: ಕಂಪ್ಯೂಟರು ಕಪ್ಪನ್ನು 0 ಎಂದೂ ಬಿಳಿಯನ್ನು 255 ಎಂದೂ ಎಣಿಸಿದರೆ, ಟೆಲಿವಿಷನ್ನಿನ ಸಂಪ್ರದಾಯದಲ್ಲಿ ಅವು 16 ಮತ್ತು 235. ಒಂದರ ಲೆಕ್ಕವನ್ನು ಇನ್ನೊಂದು ತಿಳಿಯದಿದ್ದರೆ ಕಪ್ಪು ಬೂದಿಯಂತಾಗುತ್ತದೆ, ಇಲ್ಲವೇ ನೆರಳಿನ ವಿವರಗಳು ಕಪ್ಪಿನಲ್ಲಿ ಮುಳುಗುತ್ತವೆ. ಅನೇಕ ಯಂತ್ರಗಳಲ್ಲಿ ತಂತಿ ಸಿಕ್ಕಿಸಿದ ಕಿಂಡಿಯ ಹೆಸರನ್ನು ‘ಪಿ.ಸಿ.’ ಎಂದು ಬದಲಾಯಿಸಿದರೆ ಈ ದೋಷಗಳು ಬಹುಮಟ್ಟಿಗೆ ನಿವಾರಣೆಯಾಗುತ್ತವೆ.

ತಂತಿಯ ವಿಷಯ

2002ರ ಡಿಸೆಂಬರಿನಲ್ಲಿ ಪ್ರಕಟವಾದ ಎಚ್.ಡಿ.ಎಂ.ಐ. ಪದ್ಧತಿಯಲ್ಲಿ ಚಿತ್ರವೂ ಧ್ವನಿಯೂ ಅಂಕೆಗಳ ರೂಪದಲ್ಲಿ ಒಂದೇ ತಂತಿಯಲ್ಲಿ ಸಾಗುತ್ತವೆ. 1920×1080ರ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳುಹಿಸಲು, ಚಿತ್ರಗಳ ನಡುವಿನ ಬಿಡುವನ್ನೂ ಸೇರಿಸಿ, ಸೆಕೆಂಡಿಗೆ 14 ಕೋಟಿ 85 ಲಕ್ಷ ಚುಕ್ಕಿಗಳ ವೇಗವು ಬೇಕು. ಅಂಕೆಗಳು ಸರಿಯಾಗಿ ತಲುಪಿದರೆ ಚಿತ್ರವು ಪೂರ್ಣವಾಗಿ ಬರುತ್ತದೆ. ತಲುಪದಿದ್ದರೆ ಮಿಂಚುವ ಚುಕ್ಕಿಗಳು ತೋರುತ್ತವೆ, ಇಲ್ಲವೇ ಚಿತ್ರವೇ ಮಾಯವಾಗುತ್ತದೆ. ಆದಕಾರಣ ಹೆಚ್ಚು ಬೆಲೆಯ ತಂತಿಯಿಂದ ಅಕ್ಷರವು ಹೆಚ್ಚು ಸ್ಫುಟವಾಗಲಾರದು.

ಹಳೆಯ ಕಂಪ್ಯೂಟರಿನಲ್ಲಿ 1987ರಿಂದ ಬಳಕೆಗೆ ಬಂದ ವಿ.ಜಿ.ಎ. ಕಿಂಡಿಯೊಂದೇ ಇದ್ದರೆ ಬರಿಯ ತಂತಿಯು ಸಾಲದು. ಅಲ್ಲಿ ಹೊರಡುವುದು ಏರಿಳಿಯುವ ವಿದ್ಯುತ್ತಿನ ಅಲೆ. ಅದನ್ನು ಅಂಕೆಗಳಾಗಿಸುವ ಪರಿವರ್ತಕವು ನಡುವೆ ಬೇಕು. ಧ್ವನಿಗೂ ಬೇರೆ ತಂತಿ ಬೇಕು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಕಂಪ್ಯೂಟರಿನ ಮೂರು ಕಡ್ಡಿಯ ಪ್ಲಗ್ಗು ಮನೆಯ ಅರ್ತಿಗೆ ಸೇರಿದ್ದರೆ, ಟೆಲಿವಿಷನ್ನಿಗೆ ಬರುವ ಕೇಬಲ್ ತಂತಿಯ ಹೊರಕವಚವು ಬೀದಿಯ ಇನ್ನೆಲ್ಲಿಯೋ ನೆಲವನ್ನು ಮುಟ್ಟಿರಬಹುದು. ಈ ಎರಡರ ನಡುವೆ ವಿದ್ಯುತ್ ಒತ್ತಡದ ವ್ಯತ್ಯಾಸವಿದ್ದರೆ, ತಂತಿಯನ್ನು ಸಿಕ್ಕಿಸುವ ಕ್ಷಣದಲ್ಲಿ ಕಿಂಡಿಯೊಳಗಿನ ಸೂಕ್ಷ್ಮ ಭಾಗಗಳು ಸುಟ್ಟುಹೋಗಬಹುದು. ಎರಡೂ ಯಂತ್ರಗಳ ಪ್ಲಗ್ಗುಗಳನ್ನೂ ಕೇಬಲ್ ತಂತಿಯನ್ನೂ ಕಳಚಿದ ಮೇಲೆಯೇ ಜೋಡಣೆಗೆ ಕೈಹಾಕಬೇಕು. ಮನೆಯ ಅರ್ತಿಯು ಸರಿಯಾಗಿದೆಯೇ ಎಂಬುದನ್ನು ತಿಳಿದವರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಒಂದು ಪರೀಕ್ಷೆ, ಒಂದು ಲೆಕ್ಕ

ಜೋಡಣೆಯು ಸರಿಯಾಗಿದೆಯೇ ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಚಿತ್ರ ಬಿಡಿಸುವ ಯಾವುದಾದರೂ ತಂತ್ರಾಂಶದಲ್ಲಿ ಒಂದು ಚುಕ್ಕಿ ಅಗಲದ ಕಪ್ಪು ಬಿಳುಪು ನೆಟ್ಟಗೆರೆಗಳನ್ನು ಒಂದರ ಪಕ್ಕದಲ್ಲೊಂದರಂತೆ ಎಳೆದು, ಹಿಗ್ಗಿಸದೆ ಕುಗ್ಗಿಸದೆ ನೋಡಿರಿ. ಚುಕ್ಕಿಗೆ ಚುಕ್ಕಿ ಕೂಡಿದ್ದರೆ ಹತ್ತಿರದಿಂದ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕೂಡದಿದ್ದರೆ ಅಗಲವಾದ ಬೂದು ಪಟ್ಟೆಗಳು ಅಲೆಗಳಂತೆ ತೋರುತ್ತವೆ. ಶ್ರುತಿಯಲ್ಲಿ ತುಸು ಬೇರೆಯಾದ ತಂಬೂರಿಯ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ ನಾದವು ಏರಿ ಇಳಿಯುವುದಕ್ಕೂ ಈ ಪಟ್ಟೆಗಳಿಗೂ ಕಾರಣವು ಒಂದೇ ಬಗೆಯದು.

ಎಷ್ಟು ದೂರದಲ್ಲಿ ಕುಳಿತು ಓದಬೇಕೆಂಬುದಕ್ಕೂ ಲೆಕ್ಕವುಂಟು. ಆರೋಗ್ಯವಾದ ಕಣ್ಣು ಒಂದು ಮೀಟರಿನ ದೂರದಿಂದ ಸುಮಾರು 0.29 ಮಿಲಿಮೀಟರು ಅಂತರದ ಎರಡು ಚುಕ್ಕಿಗಳನ್ನು ಬೇರ್ಪಡಿಸಿ ಕಾಣಬಲ್ಲುದು. 32 ಅಂಗುಲದ ಪರದೆಯ ಅಗಲವು ಸುಮಾರು 708 ಮಿಲಿಮೀಟರು. ಅದನ್ನು 1366ರಿಂದ ಭಾಗಿಸಿದರೆ ಒಂದು ಚುಕ್ಕಿಗೆ 0.52 ಮಿಲಿಮೀಟರು. ಇದನ್ನು 0.29ರಿಂದ ಭಾಗಿಸಿದಾಗ ಬರುವ 1.8 ಮೀಟರಿನಷ್ಟು ದೂರದಲ್ಲಿ ಕುಳಿತರೆ ಚುಕ್ಕಿಗಳು ಬಿಡಿಯಾಗಿ ಕಾಣದೆ ಅಕ್ಷರವು ನುಣುಪಾಗಿ ತೋರುತ್ತದೆ. ಇನ್ನೂ ದೂರಕ್ಕೆ ಹೋದರೆ ಅಕ್ಷರವನ್ನೇ ದೊಡ್ಡದು ಮಾಡಬೇಕು.

ಟೆಲಿವಿಷನ್ನನ್ನು ನಿರ್ಮಿಸಿದವರು ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು, ಪುಟವನ್ನಲ್ಲ. ತನಗೆ ಬರುತ್ತಿರುವುದು ಪುಟವೆಂಬುದನ್ನು ಅದಕ್ಕೆ ತಿಳಿಸಿಕೊಟ್ಟರೆ, ಮನೆಯಲ್ಲಿ ಈಗಾಗಲೇ ಇರುವ ಪರದೆಯೇ ಓದುವುದಕ್ಕೂ ಬರೆಯುವುದಕ್ಕೂ ಒದಗುತ್ತದೆ. ಹೊಸ ಪರದೆಗೆ ಹಣವನ್ನು ವೆಚ್ಚ ಮಾಡುವ ಮೊದಲು ಇಷ್ಟನ್ನು ಪರೀಕ್ಷಿಸಿ ನೋಡುವುದು ಜಾಣತನವಲ್ಲವೆ?