ಕಡ್ಡಿಯ ಬಣ್ಣ: ಮಾಗಿಯ ಬೇಲಿ, ಹಿತ್ತಲು ಮತ್ತು ಜನಪದರ ಸಸ್ಯಜ್ಞಾನ

ಜನಪದರ ಸಸ್ಯಜ್ಞಾನವನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಎಲೆ, ಹೂ, ಕಾಯಿ, ಬೇರುಗಳಿಗೆ ದೊರೆತಷ್ಟು ಸ್ಥಾನ ಕಾಂಡಕ್ಕೆ ದೊರೆತಿಲ್ಲ. ಸೊಪ್ಪು ಸಾರಿಗೆ, ಹೂ ಪೂಜೆಗೆ, ಬೇರು ಮದ್ದಿಗೆ ಎಂದು ವಿಂಗಡಿಸಿಕೊಂಡು ಹೊರಡುವ ಸಂಗ್ರಾಹಕನಿಗೆ ಕಡ್ಡಿಯೆಂದರೆ ಸೌದೆ, ಇಲ್ಲವೆ ಬೇಲಿಯ ಗೂಟ. ಈ ಮಾತನ್ನು ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ. ನಾಗಮಂಗಲದ ಕಡೆಯ ಹಳ್ಳಿಯೊಂದರಲ್ಲಿ ಮನೆಮದ್ದುಗಳನ್ನು ಬರೆದುಕೊಳ್ಳುತ್ತಿದ್ದಾಗ ವಕ್ತೃವಾಗಿದ್ದ ಹಿರಿಯ ತಾಯಿಯೊಬ್ಬರು ನನ್ನ ಕೈಲಿದ್ದ ಸೊಪ್ಪನ್ನು ಕಸಿದುಕೊಂಡು, “ಎಲೆ ನೋಡಿ ಮೋಸ ಹೋಗಬ್ಯಾಡ ಕಣಪ್ಪ, ಕಡ್ಡಿ ನೋಡು” ಎಂದರು. ಪ್ರಸ್ತುತ ಲೇಖನ ಆ ಮಾತಿನ ಬೆನ್ನು ಹತ್ತಿ ಹೊರಟದ್ದು.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ನೆಲದ ಗುಣದಲ್ಲಿ ಬೇರೆ ಬೇರೆ. ಮೊದಲಿನದು ಕಾವೇರಿಯ ನಾಲೆಗಳ ಗದ್ದೆಬಯಲು. ಪಾಂಡವಪುರದಲ್ಲಿ ಅರ್ಧ ನಾಲೆಯ ನೀರು, ಇನ್ನರ್ಧ ಮೇಲುಕೋಟೆಯ ಕಲ್ಲುಗುಡ್ಡ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ಆಸರೆಯಿದೆ. ನಾಗಮಂಗಲ ಬಹುಪಾಲು ರಾಗಿ, ಹುರುಳಿಯ ಬೆದ್ದಲು. ಹಿಂಗಾರು ಮುಗಿದು ಮಾಗಿಯ ಚಳಿ ಹಿಡಿದಾಗ ಈ ಬೆದ್ದಲು ಸೀಮೆಯ ಪೊದೆಗಳು ಎಲೆ ಉದುರಿಸಿ ತೆಳ್ಳಗಾಗುತ್ತವೆ. ಮಳೆಗಾಲದಲ್ಲಿ ಒಂದೇ ಹಸುರಾಗಿ ಕಾಣುತ್ತಿದ್ದ ಬೇಲಿ ಆಗ ಕಡ್ಡಿ ಕಡ್ಡಿಯಾಗಿ ಬಿಡಿಸಿಕೊಳ್ಳುತ್ತದೆ.

ಹಿಮ ಬೀಳುವ ಯುರೋಪು, ಅಮೆರಿಕಗಳಲ್ಲಿ ಈ ಬರಿಯ ಕಡ್ಡಿಯ ಚೆಲುವಿಗಾಗಿಯೇ ಕೆಲವು ಪೊದೆಗಳನ್ನು ಬೆಳೆಸುತ್ತಾರೆ. ಡಾಗ್‌ವುಡ್ ಎಂಬ ಪೊದೆ ಎಲೆ ಉದುರಿಸಿದ ಮೇಲೆ ಕುಂಕುಮದಂತೆ ಕೆಂಪಾಗಿ ನಿಲ್ಲುತ್ತದೆ. ಹೊಸ ಚಿಗುರಿನ ಕಡ್ಡಿಗೇ ಬಣ್ಣ ಹೆಚ್ಚಾದ್ದರಿಂದ ಚಳಿಗಾಲದ ಕೊನೆಗೆ ಅದನ್ನು ಬುಡದ ತನಕ ಸವರುತ್ತಾರೆ. ನಮ್ಮಲ್ಲಿ ಅಲಂಕಾರದ ಉದ್ದೇಶ ಮುಖ್ಯವಾಗಿರಲಿಲ್ಲ, ಕಡ್ಡಿಯ ಬಣ್ಣ ಗಿಡದ ಗುರುತಾಗಿತ್ತು. ಆದರೆ ಬಣ್ಣವನ್ನು ಉಳಿಸಿಕೊಳ್ಳುವ ಕ್ರಮ ಎರಡೂ ಕಡೆ ಒಂದೇ ಎಂಬುದು ಗಮನಾರ್ಹ.

ಗುರುತಿನ ಮಾತಿಗೆ ನೆಕ್ಕಿ ಅತ್ಯುತ್ತಮ ನಿದರ್ಶನ. ಲಕ್ಕಿಯೆಂದೂ ಕರೆಯುವ ಬಿಳಿನೆಕ್ಕಿಯ ಕಡ್ಡಿ ಬೂದುಬಣ್ಣದ್ದು, ಎಳೆಯದರಲ್ಲಿ ನಾಲ್ಕು ಮೂಲೆ. ಸೊಪ್ಪು ಬಾಣಂತಿಯ ಮೀಯುವ ನೀರಿಗೆ, ಕಡ್ಡಿ ಕುಕ್ಕೆ ಹೆಣೆಯಲು. ಕರಿನೆಕ್ಕಿಯ ಎಳೆಗಡ್ಡಿ ಕಪ್ಪಿಗೆ ತಿರುಗಿದ ನೇರಳೆ. ಸೊಪ್ಪು ಕೀಲುನೋವಿನ ಮದ್ದು. ಸಸ್ಯವಿಜ್ಞಾನ ಇವೆರಡನ್ನೂ ಬೇರೆ ಬೇರೆ ಕುಟುಂಬಗಳಲ್ಲಿ ಇರಿಸುತ್ತದೆ. ಜನಪದರಾದರೋ ಎಲೆಯ ನೀಳವಾದ ಆಕಾರ ಮತ್ತು ನೋವು ನಿವಾರಣೆಯ ಬಳಕೆ ನೋಡಿ ಜೋಡಿ ಮಾಡಿ, ಕಡ್ಡಿಯ ಬಣ್ಣ ನೋಡಿ ಬೇರ್ಪಡಿಸಿದರು. ಇದನ್ನು ಅವೈಜ್ಞಾನಿಕವೆಂದು ತಳ್ಳಿಹಾಕುವುದು ಆತುರದ ತೀರ್ಮಾನವಾದೀತು. ಬಳಕೆಯನ್ನು ಆಧಾರವಾಗಿ ಇಟ್ಟುಕೊಂಡ ವರ್ಗೀಕರಣಕ್ಕೆ ತನ್ನದೇ ತರ್ಕವಿದೆ. ಉಮ್ಮತ್ತಿಯಲ್ಲಿಯೂ ಇದೇ ಕ್ರಮ: ಹೂವಿಲ್ಲದ ಕಾಲದಲ್ಲಿ ಕರಿ ಉಮ್ಮತ್ತಿಯನ್ನು ಬಿಳಿಯದರಿಂದ ಪ್ರತ್ಯೇಕಿಸುವುದು ಅದರ ನೇರಳೆ ಕಾಂಡವೇ. ಎರಡೂ ವಿಷವಾದ್ದರಿಂದ ಗುರುತು ತಿಳಿದಿರುವುದು ಬರಿಯ ಪಾಂಡಿತ್ಯದ ವಿಷಯವಲ್ಲ. ಕರಿತುಳಸಿ, ಕೆಂಪುದಂಟು, ಕೆಂಪುಬಸಳೆ ಇವೆಲ್ಲ ಹಿತ್ತಲಿನಲ್ಲಿ ಇದೇ ಬಗೆಯಲ್ಲಿ ಹೆಸರು ಪಡೆದವು. ಕೆಂಪು ಹರಳಿನ ಕಾಂಡದ ಮೇಲೆ ಬೂದಿ ಬಳಿದಂತಹ ಮೇಣದ ಪೊರೆ ಇರುತ್ತದೆ. ಬೆರಳಿನಿಂದ ಒರಸಿದರೆ ಒಳಗಿನ ಕೆಂಪು ಹೊಳೆಯುತ್ತದೆ.

ಬೆದ್ದಲಿನ ಬೇಲಿಯಲ್ಲಿ ತಂಗಡಿಯ ಕೆಂಗಂದು ತೊಗಟೆ, ಬಂದರೆಯ ಸುಲಿದುಬರುವ ಸಿಪ್ಪೆ, ಕಡ್ಡಿಗಳ್ಳಿಯ ಎಲೆಯಿಲ್ಲದ ಹಸುರು ಇವೇ ಮಾಗಿಯ ಬಣ್ಣಗಳು. ಕಡ್ಡಿಗಳ್ಳಿ ಆಫ್ರಿಕಾ ಮೂಲದ್ದು. ನಮ್ಮ ಬೇಲಿಗೆ ಎಷ್ಟು ಒಗ್ಗಿದೆಯೆಂದರೆ ಅದನ್ನು ಹೊರಗಿನದೆಂದು ಯಾರೂ ಎಣಿಸುವುದಿಲ್ಲ. ಸ್ವಾರಸ್ಯವೆಂದರೆ, ಇದೇ ಕಳ್ಳಿಯ ಕೆಂಪು ತಳಿಯೊಂದು ‘ಸ್ಟಿಕ್ಸ್ ಆನ್ ಫೈರ್’ ಎಂಬ ಹೆಸರಿನಲ್ಲಿ ನರ್ಸರಿಗಳ ಕುಂಡವೇರಿದೆ. ಬಿಸಿಲು ಮತ್ತು ಚಳಿ ಕೂಡಿದಾಗ ಅದರ ತುದಿಗಳು ಕೆಂಡದ ಬಣ್ಣಕ್ಕೆ ತಿರುಗುತ್ತವೆ, ಬೇಸಿಗೆಯಲ್ಲಿ ಹಳದಿಯಾಗುತ್ತವೆ, ನೆರಳಿನಲ್ಲಿಟ್ಟರೆ ಹಸುರಾಗುತ್ತವೆ. ಡಾಗ್‌ವುಡ್ಡನ್ನು ಬಯಲುಸೀಮೆಯಲ್ಲಿ ಬೆಳೆಸಲು ಹೆಣಗುವ ಉತ್ಸಾಹಿಗಳಿಗೆ ಇದು ಸುಲಭದ ದಾರಿ. ಆದರೆ ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಅಪಾಯವೆಂಬುದು ಬೇಲಿ ಸವರುವ ಪ್ರತಿಯೊಬ್ಬ ರೈತನಿಗೂ ಗೊತ್ತು. ಕುಂಡದಲ್ಲಿ ಕೊಂಡವರಿಗೆ ಗೊತ್ತಿರುತ್ತದೆಯೆಂದು ಹೇಳುವಂತಿಲ್ಲ. ಗಿಡ ಪೇಟೆಗೆ ಹೋದರೂ ಅದರ ಜೊತೆಗಿದ್ದ ಎಚ್ಚರ ಊರಲ್ಲಿಯೇ ಉಳಿಯಿತು.

ಕಾಂಡದ ಬಣ್ಣದ ಮಾತು ಬಂದಾಗ ಈ ಸೀಮೆಯಲ್ಲಿ ಕಬ್ಬನ್ನು ಬಿಡುವುದು ಸಾಧ್ಯವಿಲ್ಲ. ಅದು ಪೊದೆಯಲ್ಲ, ಹುಲ್ಲಿನ ಜಾತಿ ಎಂಬ ಆಕ್ಷೇಪವನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇಲ್ಲಿನ ಎರಡು ಕಬ್ಬುಗಳನ್ನು ದಾಖಲಿಸಿದ್ದಾನೆ: ರಸದಾಳಿ ಮತ್ತು ಪಟ್ಟಾಪಟ್ಟಿ. ಮೊದಲಿನದು ಈ ನಾಡಿನದೇ. ಎರಡನೆಯದು ಹೈದರಾಲಿಯ ಕಾಲದಲ್ಲಿ ಆರ್ಕಾಟಿನಿಂದ ಬಂದದ್ದು. ಬೆಲ್ಲ ಎರಡರಿಂದಲೂ ಆಗುತ್ತಿತ್ತು, ಸಕ್ಕರೆ ಪಟ್ಟಾಪಟ್ಟಿಯಿಂದ ಮಾತ್ರ ಎಂಬುದು ಅವನ ಹೇಳಿಕೆ. ಒಂದರ ಹೆಸರು ರಸದ ಮೇಲೆ, ಇನ್ನೊಂದರದು ಕಾಂಡದ ಪಟ್ಟೆಗಳ ಮೇಲೆ ನಿಂತಿರುವುದನ್ನು ನೋಡಿದರೆ, ಹೊಸದಾಗಿ ಬಂದ ಕಬ್ಬನ್ನು ರೈತರು ಮೊದಲು ಕಣ್ಣಿನಿಂದ ಗುರುತಿಸಿದರೆಂದು ಊಹಿಸಬಹುದು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನೆ ಆರಂಭವಾಗಿ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಇಳುವರಿಯೇ ಪ್ರಧಾನವಾಯಿತು. ಹೆಸರಿನ ಜಾಗಕ್ಕೆ ಅಂಕಿ ಬಂದಿತು. ಬಣ್ಣದ ಕಬ್ಬು ಸಂಕ್ರಾಂತಿಯ ಎಳ್ಳುಬೆಲ್ಲದ ತಟ್ಟೆಗೂ ಅಗಿದು ತಿನ್ನುವ ಮಕ್ಕಳ ಬಾಯಿಗೂ ಸೀಮಿತವಾಯಿತು.

ಕಾಂಡಕ್ಕೆ ಕೆಂಪು, ನೇರಳೆ ಬಣ್ಣ ಕೊಡುವ ವಸ್ತುಗಳಲ್ಲಿ ಆಂಥೋಸಯನಿನ್ ಪ್ರಮುಖವಾದುದು. ಬಿಸಿಲು ಮತ್ತು ತಂಪು ಅದನ್ನು ಹೆಚ್ಚಿಸುತ್ತವೆ. ಒಣಗಿದ ಸೋಗೆ ಸುಲಿದ ಮೇಲೆ ಕಬ್ಬಿನ ಮೈ ಬಣ್ಣವೇರುವುದು ಇದರಿಂದಲೇ. ಆದರೆ ಬಣ್ಣ ಮುಂದಿನ ಪೀಳಿಗೆಗೆ ಹೋಗುವ ಬಗೆಯಲ್ಲಿ ಒಂದು ಸೂಕ್ಷ್ಮವಿದೆ. ಹರಳಿನ ಕೆಂಪು ಬೀಜದಲ್ಲಿ ಹೋಗುತ್ತದೆ. ಪಟ್ಟಾಪಟ್ಟಿಯ ಪಟ್ಟೆ ಬಿತ್ತನೆ ತುಂಡಿನಲ್ಲಿ ಮಾತ್ರ ಬರುತ್ತದೆ. ಅದರಲ್ಲಿಯೂ ಒಮ್ಮೊಮ್ಮೆ ಪಟ್ಟೆಯಿಲ್ಲದ ಮರಿ ಹೊರಡುವುದುಂಟು, ಅದನ್ನು ಆರಿಸಿ ತೆಗೆಯದಿದ್ದರೆ ಕೆಲವು ಬೆಳೆಗಳಲ್ಲಿ ಪಟ್ಟೆಯೇ ಮರೆಯಾದೀತು. ಕರಿನೆಕ್ಕಿ ನಮ್ಮ ಬೇಲಿಗಳಲ್ಲಿ ಬೀಜ ಕಟ್ಟುವುದು ಅಪರೂಪ. ಕಡ್ಡಿಗಳ್ಳಿಯದೂ ಕಡ್ಡಿಯಿಂದಲೇ ಬಾಳು.

ಅಂದರೆ ಈ ಗಿಡಗಳು ಕೈಯಿಂದ ಕೈಗೆ ದಾಟಿ ಬಂದಂಥವು. ತವರಿನ ಬೇಲಿಯ ಕಡ್ಡಿ ಮಗಳ ಹಿತ್ತಲಿಗೆ, ಅಲ್ಲಿಂದ ನೆರೆಮನೆಗೆ. ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವಾಗ ಜೆಸಿಬಿಯಿಂದ ಕಿತ್ತ ಬೇಲಿಯ ತಂಗಡಿ, ಬಂದರೆಗಳು ಬೀಜ ಬಿದ್ದಲ್ಲಿ ಮತ್ತೆ ಹುಟ್ಟಿಯಾವು, ಕರಿನೆಕ್ಕಿ ಹುಟ್ಟುವುದಿಲ್ಲ. ತಂತಿಬೇಲಿ ಜಾಗ ಉಳಿಸುತ್ತದೆ, ದನ ತಡೆಯುತ್ತದೆ, ವರ್ಷವರ್ಷ ಸವರುವ ಕೂಲಿ ತಪ್ಪಿಸುತ್ತದೆ. ರೈತನನ್ನು ದೂರುವುದು ನ್ಯಾಯವಲ್ಲ. ದೂರಬೇಕಾದರೆ ಹಾಡು, ಕತೆಗಳನ್ನು ಧ್ವನಿಮುದ್ರಿಸಿಕೊಂಡು ಅವುಗಳಲ್ಲಿ ಹೆಸರು ಬರುವ ಗಿಡದತ್ತ ತಿರುಗಿ ನೋಡದ ನಮ್ಮ ಕ್ಷೇತ್ರಕಾರ್ಯವನ್ನು ದೂರಬೇಕು.

ಬೆಳೆಸುವ ಕ್ರಮ ಕಷ್ಟದ್ದಲ್ಲ. ಕರಿನೆಕ್ಕಿಯ ಗೇಣುದ್ದದ, ಬಲಿತೂ ಬಲಿಯದ ಕಡ್ಡಿಯನ್ನು ಮುಂಗಾರು ಹಿಡಿದ ಮೇಲೆ ಎರಡು ಗಿಣ್ಣು ಮಣ್ಣಿನೊಳಗಿರುವಂತೆ ನೆಡಬೇಕು. ಕಳ್ಳಿಯ ಕಡ್ಡಿಯನ್ನು ಕತ್ತರಿಸಿ, ಹಾಲು ಆರುವವರೆಗೆ ಕೆಲವು ದಿನ ನೆರಳಿನಲ್ಲಿಟ್ಟು ನೆಟ್ಟರೆ ಕೊಳೆಯುವುದಿಲ್ಲ. ಹಳೆಯ ಕಡ್ಡಿ ಬೂದುಗಟ್ಟುವುದರಿಂದ ಕರಿನೆಕ್ಕಿಯನ್ನು ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಸವರಬೇಕು. ಮುಂದಿನ ಮಾಗಿಯಲ್ಲಿ ಕಪ್ಪಾಗಿ ನಿಲ್ಲುವುದು ಆ ಹೊಸ ಚಿಗುರು. ನಾಗಮಂಗಲದ ಆ ತಾಯಿ ನನಗೆ ಕೊಟ್ಟ ಎರಡು ಕಡ್ಡಿಗಳಲ್ಲಿ ಒಂದು ನಾನು ಅಕಾಲದಲ್ಲಿ ನೆಟ್ಟದ್ದರಿಂದ ಒಣಗಿತು. ಇನ್ನೊಂದು ಬದುಕಿ, ಈಗ ಕಾಂಪೌಂಡಿನ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಬೆಳೆದಿದೆ. ಅದರಿಂದ ಮೂರು ಮನೆಗಳಿಗೆ ಕಡ್ಡಿ ಹೋಗಿದೆ.