ನೀಲಿ ಅಂಗಿಯ ಅಧಿಕಾರ: ಹವ್ಯಾಸಿ ಸಾಫ್ಟ್‌ಬಾಲ್ ಅಂಪೈರುಗಳ ಉಡುಪು ಮತ್ತು ವೃತ್ತಿಶಿಸ್ತು

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಊರೂರಿನ ಉದ್ಯಾನಗಳಲ್ಲಿ, ಶಾಲಾ ಮೈದಾನಗಳಲ್ಲಿ, ಕಚೇರಿ, ಕಾರ್ಖಾನೆ ಮತ್ತು ಚರ್ಚುಗಳ ಹೆಸರಿನಲ್ಲಿ ಕಟ್ಟಿಕೊಂಡ ತಂಡಗಳ ನಡುವೆ ಸಾಫ್ಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ಅಲ್ಲಿ ಆಟಗಾರರಿಗೆ ಸಂಬಳವಿಲ್ಲ. ನಡೆದದ್ದನ್ನು ಪರದೆಯ ಮೇಲೆ ಮತ್ತೆ ನೋಡಿ ತೀರ್ಪು ತಿದ್ದುವ ಅನುಕೂಲವಿಲ್ಲ. ಬಹಳಷ್ಟು ಕಡೆ ಬೇಲಿಯಾಚೆಯ ಕೂಗಾಟವನ್ನು ತಡೆಯುವ ಕಾವಲುಗಾರರೂ ಇರುವುದಿಲ್ಲ. ಆದರೂ ಒಂದು ಪಂದ್ಯದ ಅವಧಿಯಲ್ಲಿ ಬರುವ ಪ್ರತಿಯೊಂದು ಎಸೆತದ ಬಗೆಗೂ ಪ್ರತಿಯೊಂದು ಓಟದ ಬಗೆಗೂ ಒಬ್ಬಿಬ್ಬರು ಅಪರಿಚಿತರು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುವ ಮಾತನ್ನು, ಗೊಣಗಿಕೊಂಡೋ ಒಪ್ಪಿಕೊಂಡೋ, ಎರಡೂ ತಂಡಗಳು ಪಾಲಿಸುತ್ತವೆ. ಈ ಒಪ್ಪಿಗೆ ನಿಯಮಪುಸ್ತಕವೊಂದರಿಂದಲೇ ಹುಟ್ಟುವುದಿಲ್ಲ. ಅಂಪೈರ್ ಹೇಗೆ ಉಡುತ್ತಾನೆ, ಎಷ್ಟು ಹೊತ್ತಿಗೆ ಬರುತ್ತಾನೆ, ಎಲ್ಲಿ ನಿಲ್ಲುತ್ತಾನೆ, ಎಂಥ ದನಿಯಲ್ಲಿ ಹೇಳುತ್ತಾನೆ ಎಂಬ ಸಣ್ಣಪುಟ್ಟ ಸಂಗತಿಗಳೆಲ್ಲ ಕೂಡಿಕೊಂಡು ಅವನ ಮಾತಿಗೆ ತೂಕ ತರುತ್ತವೆ.

ಸಾಫ್ಟ್‌ಬಾಲ್‌ನ ಮೂಲ ಶಿಕಾಗೋ ನಗರದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿದೆ. ಅಲ್ಲಿ 1887ರಲ್ಲಿ ಜಾರ್ಜ್ ಹ್ಯಾನ್‌ಕಾಕ್ ಎಂಬವರು ಚಳಿಗಾಲದಲ್ಲೂ ಸೂರಿನಡಿ ಆಡಬಹುದಾದ ಬೇಸ್‌ಬಾಲ್ ಆಗಿ ಈ ಆಟವನ್ನು ರೂಪಿಸಿದರು. ಬಹುಕಾಲ ಒಂದೊಂದು ಊರಿನಲ್ಲಿ ಒಂದೊಂದು ಹೆಸರು, ಒಂದೊಂದು ನಿಯಮ, ಒಂದೊಂದು ಗಾತ್ರದ ಚೆಂಡು ಬಳಕೆಯಲ್ಲಿದ್ದುದರಿಂದ ಬೇರೆ ಬೇರೆ ಊರಿನ ತಂಡಗಳು ಎದುರಾದಾಗ ಯಾವ ನಿಯಮ ಹಿಡಿಯಬೇಕೆಂಬುದೇ ಜಗಳಕ್ಕೆ ಕಾರಣವಾಗುತ್ತಿತ್ತು. 1933ರಲ್ಲಿ ಶಿಕಾಗೋದ ವಿಶ್ವಮೇಳದ ಜೊತೆಯಲ್ಲಿ ನಡೆದ ದೊಡ್ಡ ಪಂದ್ಯಾವಳಿಯ ಹಿನ್ನೆಲೆಯಲ್ಲಿ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ಹುಟ್ಟಿಕೊಂಡು ನಿಯಮಗಳನ್ನು ಏಕರೂಪಕ್ಕೆ ತಂದಿತು. 2017ರಿಂದ ಯುಎಸ್‌ಎ ಸಾಫ್ಟ್‌ಬಾಲ್ ಎಂಬ ಹೆಸರಿನಲ್ಲಿ ಒಕ್ಲಹಾಮಾ ಸಿಟಿಯಿಂದ ಕೆಲಸ ಮಾಡುತ್ತಿರುವ ಈ ಸಂಸ್ಥೆಯೇ ಅಂಪೈರುಗಳ ನೋಂದಣಿ, ತರಬೇತಿ ಮತ್ತು ಉಡುಪಿನ ಕಟ್ಟುಪಾಡುಗಳನ್ನೂ ನಿರ್ಧರಿಸುತ್ತದೆ.

ಆಟದ ಪರಿಚಯವಿಲ್ಲದವರಿಗೆ ಇಷ್ಟು ವಿವರಣೆ ಸಾಕು. ಪಿಚರ್ ಎನಿಸಿಕೊಳ್ಳುವ ಎಸೆತಗಾರ ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಚೆಂಡೆಸೆಯುತ್ತಾನೆ. ಬ್ಯಾಟುಗಾರ ಚೆಂಡನ್ನು ಹೊಡೆದು, ಚೌಕದ ನಾಲ್ಕು ಮೂಲೆಗಳಂತಿರುವ ಬೇಸ್‌ಗಳನ್ನು ಸುತ್ತಿಬಂದರೆ ಒಂದು ಓಟ. ಹೋಮ್ ಪ್ಲೇಟ್ ಎಂಬ 17 ಅಂಗುಲ ಅಗಲದ ಬಿಳಿಯ ಹಲಗೆಯ ಮೇಲೆ, ಬ್ಯಾಟುಗಾರನ ದೇಹದ ಗೊತ್ತುಪಡಿಸಿದ ಎತ್ತರದೊಳಗೆ ಹಾದುಹೋದ ಎಸೆತ ‘ಸ್ಟ್ರೈಕ್’. ಅದರಾಚೆ ಹೋದದ್ದನ್ನು ಹೊಡೆಯಲು ಯತ್ನಿಸದೆ ಬಿಟ್ಟರೆ ‘ಬಾಲ್’. ಮೂರು ಸ್ಟ್ರೈಕ್ ಆದರೆ ಬ್ಯಾಟುಗಾರ ಔಟ್, ನಾಲ್ಕು ಬಾಲ್ ಆದರೆ ಅವನಿಗೆ ಮೊದಲ ಬೇಸ್ ಬಿಟ್ಟಿಯಾಗಿ ಸಿಗುತ್ತದೆ. ವೇಗದ ಎಸೆತಕ್ಕೆ ಅವಕಾಶವಿರುವುದು ಫಾಸ್ಟ್ ಪಿಚ್. ಚೆಂಡು ನೆಲದಿಂದ 6ರಿಂದ 10 ಅಡಿ ಎತ್ತರದ ಕಮಾನಿನಲ್ಲಿ ಸಾಗಿಬರಬೇಕಾದದ್ದು ಸ್ಲೋ ಪಿಚ್. ಕ್ರಿಕೆಟ್ ಅಂಪೈರ್ ಔಟ್ ಕೊಡಬೇಕಾದರೆ ಆಟಗಾರರು ಮನವಿ ಮಾಡಿಕೊಳ್ಳಬೇಕು, ಆದರೆ ಸಾಫ್ಟ್‌ಬಾಲ್‌ನಲ್ಲಿ ಹೋಮ್ ಪ್ಲೇಟಿನ ಹಿಂದೆ ನಿಂತ ಅಂಪೈರ್ ಬ್ಯಾಟಿಗೆ ತಾಗದ ಪ್ರತಿ ಎಸೆತಕ್ಕೂ, ಯಾರೂ ಕೇಳದಿದ್ದರೂ, ತೀರ್ಪು ಹೇಳಲೇಬೇಕು ಎಂಬುದನ್ನು ನೆನೆದರೆ ಕನ್ನಡದ ಕ್ರಿಕೆಟ್ ಪ್ರೇಮಿಗಳಿಗೆ ಈ ಕೆಲಸದ ಒತ್ತಡ ಅರ್ಥವಾಗುತ್ತದೆ.

ಹವ್ಯಾಸಿ ಎಂಬ ವಿಶೇಷಣ ಇಲ್ಲಿ ಆಟದ ಮಟ್ಟವನ್ನು ಸೂಚಿಸುತ್ತದೆಯೇ ಹೊರತು ಅಂಪೈರ್ ಪುಕ್ಕಟೆಯಾಗಿ ದುಡಿಯುತ್ತಾನೆಂದಾಗಲಿ, ಅರೆಮನಸ್ಸಿನಿಂದ ದುಡಿಯುತ್ತಾನೆಂದಾಗಲಿ ಹೇಳುವುದಿಲ್ಲ. ಇವರಲ್ಲಿ ಹೆಚ್ಚಿನವರು ಹಗಲು ಬೇರೆ ಉದ್ಯೋಗ ಮಾಡಿಕೊಂಡು, ಸಂಜೆ ಮತ್ತು ವಾರಾಂತ್ಯಗಳಲ್ಲಿ ಪಂದ್ಯಕ್ಕಿಷ್ಟು ಎಂಬ ಸಾಧಾರಣ ಸಂಭಾವನೆಗೆ ಮೈದಾನಕ್ಕಿಳಿಯುವವರು. ವಾರ್ಷಿಕ ನೋಂದಣಿ ಶುಲ್ಕವನ್ನು ತಾವೇ ಕಟ್ಟಿ, ಉಡುಪು ಸಲಕರಣೆಗಳನ್ನೂ ಸಾಮಾನ್ಯವಾಗಿ ತಾವೇ ಕೊಂಡುಕೊಳ್ಳುತ್ತಾರೆ. ಅವರ ಹೆಸರು ಪ್ರೇಕ್ಷಕರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಉಡುಪಿನ ಬಗೆಗಿನ ಬಿಗಿ ನಿಯಮಗಳ ತಿರುಳು ಇರುವುದು ಇಲ್ಲಿಯೇ.

ಉಡುಪು ಮತ್ತು ಸಲಕರಣೆ

ತಿಳಿನೀಲಿ ಅಥವಾ ಕಡುನೀಲಿ ಬಣ್ಣದ ಅಂಗಿ, ಬೂದು ಬಣ್ಣದ ಪ್ಯಾಂಟು, ಕಡುನೀಲಿ ಟೋಪಿ, ಕಪ್ಪು ಬೆಲ್ಟು, ಕಪ್ಪು ಕಾಲುಚೀಲ, ಪಾಲಿಶ್ ಮಾಡಿದ ಕಪ್ಪು ಬೂಟು – ಇದು ಯುಎಸ್‌ಎ ಸಾಫ್ಟ್‌ಬಾಲ್‌ನಲ್ಲಿ ನೆಲೆನಿಂತಿರುವ ಉಡುಪು. ಗಂಡಸರಿಗೂ ಹೆಂಗಸರಿಗೂ ಇದೇ ಉಡುಪು ಅನ್ವಯಿಸುತ್ತದೆ. ಒಂದೇ ಪಂದ್ಯದಲ್ಲಿ ಕೆಲಸ ಮಾಡುವ ಅಂಪೈರುಗಳೆಲ್ಲ ಒಂದೇ ಬಣ್ಣದ ಅಂಗಿ ತೊಡಬೇಕು. ಒಬ್ಬ ತಿಳಿನೀಲಿಯಲ್ಲಿಯೂ ಇನ್ನೊಬ್ಬ ಕಡುನೀಲಿಯಲ್ಲಿಯೂ ಬಂದರೆ ಆಟಕ್ಕೇನೂ ಕುಂದಿಲ್ಲವೆಂದು ತೋರಬಹುದು, ಆದರೆ ಮಾತಾಡಿಕೊಳ್ಳದೆ ಬಂದವರು ಮೈದಾನದಲ್ಲಿಯೂ ಹೊಂದಾಣಿಕೆಯಿಂದ ಕೆಲಸ ಮಾಡಲಾರರೆಂಬ ಅನುಮಾನ ತರಬೇತುದಾರರ ಮನಸ್ಸಿನಲ್ಲಿ ಮೊದಲ ಎಸೆತಕ್ಕೆ ಮುಂಚೆಯೇ ಮೊಳೆಯುತ್ತದೆ. ಕಣ್ಣಿಗೆ ಹೊಡೆಯುವ ಅಥವಾ ಅಪಾಯ ತರುವ ಆಭರಣಗಳನ್ನು ಧರಿಸಬಾರದೆಂಬ, ವೈದ್ಯಕೀಯ ಮಾಹಿತಿಯ ಕೈಪಟ್ಟಿಗೆ ಮಾತ್ರ ವಿನಾಯಿತಿ ಕೊಡುವ ಕಟ್ಟಳೆಯೂ ಇದೇ ದಿಕ್ಕಿನದು. ಹೀಗೆ ವ್ಯಕ್ತಿಯ ಗುರುತುಗಳನ್ನು ಒಂದೊಂದಾಗಿ ಅಳಿಸಿದ ಮೇಲೆ ಉಳಿಯುವುದು ನಿಯಮದ ಪರವಾಗಿ ನಿಂತ ಒಂದು ಸ್ಥಾನ ಮಾತ್ರ. ಅಮೆರಿಕದ ಆಟಗಾರರು ಅಂಪೈರನ್ನು ಹೆಸರು ಹಿಡಿಯದೆ ‘ಬ್ಲೂ’ ಎಂದಷ್ಟೇ ಕೂಗಿ ಕರೆಯುವ ರೂಢಿ ಆ ಸ್ಥಾನಕ್ಕೆ ಸಲ್ಲುವ ಮನ್ನಣೆಯೂ ಹೌದು.

ಸಮವಸ್ತ್ರದ ಅಳತೆಯಲ್ಲಿಯೂ ಕೆಲಸದ ಅರಿವು ಇರಬೇಕಾಗುತ್ತದೆ. ಪ್ಲೇಟಿನ ಹಿಂದೆ ನಿಲ್ಲುವ ಅಂಪೈರ್ ಎದೆಗಾಪನ್ನು ಅಂಗಿಯ ಒಳಗೂ ಮೊಣಕಾಲ ಕೆಳಗಿನ ಕಾಪನ್ನು ಪ್ಯಾಂಟಿನ ಒಳಗೂ ಕಟ್ಟಿಕೊಳ್ಳುವುದರಿಂದ ಅವನ ಅಂಗಿ ಒಂದು ಅಳತೆ ದೊಡ್ಡದಾಗಿ, ಪ್ಯಾಂಟು ಸಡಿಲವಾಗಿ ಇರಬೇಕು. ಅದೇ ಪ್ಯಾಂಟನ್ನು ತೊಟ್ಟು ಬೇಸ್‌ಗಳ ಬಳಿ ಓಡಾಡಿದರೆ ಅದು ಜೋಲುಬಿದ್ದು ಕಾಣುತ್ತದೆ. ಆದ್ದರಿಂದ ಅನುಭವಿಗಳು ಎರಡು ಬಗೆಯ ಪ್ಯಾಂಟುಗಳನ್ನು ಇಟ್ಟುಕೊಳ್ಳುತ್ತಾರೆ. ಫಾಸ್ಟ್ ಪಿಚ್‌ನಲ್ಲಿ ಗಂಟಲನ್ನೂ ಕಾಯುವ ಮುಖವಾಡ ಕಡ್ಡಾಯ, ಬೂಟಿನ ಮುಂಭಾಗದಲ್ಲಿ ಉಕ್ಕಿನ ಕವಚವಿರುವುದು ರೂಢಿ. 43 ಅಡಿ ದೂರದಿಂದ ಗಂಟೆಗೆ 60 ಮೈಲಿ ವೇಗದಲ್ಲಿ ಹೊರಟ ಚೆಂಡು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಬಂದು ಮುಟ್ಟುವುದರಿಂದ, ಕಾಪು ಸರಿಯಿಲ್ಲದ ಅಂಪೈರ್ ತನಗರಿವಿಲ್ಲದಂತೆ ಕಣ್ಣು ಮುಚ್ಚುತ್ತಾನೆ ಅಥವಾ ತಲೆ ತಿರುಗಿಸುತ್ತಾನೆ. ಆ ಎಸೆತಕ್ಕೆ ಅವನು ಹೇಳುವುದು ತೀರ್ಪಲ್ಲ, ಊಹೆ.

ಉಳಿದ ಸಲಕರಣೆಗಳು ಚಿಕ್ಕವು. ಎಡಗೈಯಲ್ಲಿ ಅಡಗುವ ಇಂಡಿಕೇಟರ್ ಎಂಬ ಸಾಧನದ ಹಲ್ಲುಗಾಲಿಗಳನ್ನು ಹೆಬ್ಬೆರಳಿನಿಂದ ತಿರುಗಿಸುತ್ತ ಅಂಪೈರ್ ಬಾಲ್, ಸ್ಟ್ರೈಕ್, ಔಟ್‌ಗಳ ಲೆಕ್ಕವಿಡುತ್ತಾನೆ. ಸೊಂಟದ ಚೀಲದಲ್ಲಿ ಬದಲಿ ಚೆಂಡುಗಳು, ಪ್ಲೇಟಿನ ಮಣ್ಣು ಗುಡಿಸಲು ಒಂದು ಪುಟ್ಟ ಬ್ರಷ್ ಇರುತ್ತವೆ. ಗುಡಿಸುವುದಕ್ಕೂ ಒಂದು ಕ್ರಮವುಂಟು. ಅಂಪೈರ್ ಪ್ಲೇಟಿನ ಮುಂದಕ್ಕೆ ಬಂದು, ಮೈದಾನಕ್ಕೆ ಬೆನ್ನು ಮಾಡಿ, ಬೇಲಿಯ ಹಿಂದಿನ ಪ್ರೇಕ್ಷಕರಿಗೆ ಮುಖವಾಗಿ ಬಗ್ಗಿ ಗುಡಿಸುತ್ತಾನೆ, ಏಕೆಂದರೆ ಕುಳಿತವರ ಕಡೆಗೆ ಹಿಂಭಾಗ ಮಾಡಿ ಬಗ್ಗುವುದು ಅಸಭ್ಯವೆಂಬುದು ಈ ವಲಯದ ಹಳೆಯ ನಂಬಿಕೆ. ಅಷ್ಟು ಹೊತ್ತು ಆಟ ನಿಂತಿರುತ್ತದೆ. ಏರಿದ ದನಿಗಳು ತಗ್ಗಲಿ ಎಂದು ಶುಭ್ರವಾಗಿಯೇ ಇರುವ ಪ್ಲೇಟನ್ನು ಮತ್ತೊಮ್ಮೆ ಗುಡಿಸುವ ಜಾಣತನವನ್ನು ಹಳಬರು ಬಲ್ಲರು.

ಮೈದಾನದ ನಡವಳಿಕೆ

ನಿಯಮಪುಸ್ತಕದ ಹತ್ತನೆಯ ನಿಯಮ ಪೂರ್ತಿಯಾಗಿ ಅಂಪೈರುಗಳಿಗೇ ಮೀಸಲು. ಅಂಪೈರ್ ಎರಡು ತಂಡಗಳಲ್ಲಿ ಯಾವುದಕ್ಕೂ ಸೇರಿದವನಾಗಿರಬಾರದು. ಪಂದ್ಯದ ದಿನ, ಹೊತ್ತು, ಸ್ಥಳಗಳನ್ನು ಖಚಿತಪಡಿಸಿಕೊಂಡು 20ರಿಂದ 30 ನಿಮಿಷ ಮುಂಚೆ ಬರಬೇಕು. ತಂಡದ ಮುಖ್ಯಸ್ಥರಿಗೂ ಅಂಕ ಬರೆಯುವವರಿಗೂ ತನ್ನ ಪರಿಚಯ ಹೇಳಿಕೊಳ್ಳಬೇಕು. ಮೈದಾನದ ಗಡಿ, ಬ್ಯಾಟು, ಶಿರಸ್ತ್ರಾಣಗಳನ್ನು ಪರೀಕ್ಷಿಸಬೇಕು. ಆಟ ಮುಗಿದೊಡನೆ ಅಲ್ಲಿಂದ ಹೊರಡಬೇಕು. ಆಟದ ಮುನ್ನ ಹೋಮ್ ಪ್ಲೇಟಿನ ಬಳಿ ನಡೆಯುವ ಸಭೆಯಲ್ಲಿ ಎರಡೂ ತಂಡಗಳ ಆಟಗಾರರ ಪಟ್ಟಿಯನ್ನು ಸ್ವೀಕರಿಸಿ, ಬೇಲಿಗೆ ತಾಗಿದ ಚೆಂಡು, ಮರದ ಕೊಂಬೆಗೆ ಸಿಕ್ಕ ಚೆಂಡು ಮುಂತಾದ ಆ ಮೈದಾನಕ್ಕಷ್ಟೇ ಸಂಬಂಧಿಸಿದ ನಿಯಮಗಳನ್ನು ಸ್ಪಷ್ಟಪಡಿಸುತ್ತಾರೆ. ಒಂದು ತಂಡದ ಗುಂಪಿನಲ್ಲಿ ನಿಂತು ಹಳೆಯ ಪರಿಚಯದ ಸಲುಗೆಯಿಂದ ಹರಟುವ ಅಂಪೈರ್ ಎಷ್ಟೇ ನ್ಯಾಯವಂತನಾಗಿದ್ದರೂ ಎದುರು ತಂಡದ ಕಣ್ಣಿನಲ್ಲಿ ಆಗಲೇ ಪಕ್ಷಪಾತಿಯಾಗಿರುತ್ತಾನೆ.

ತೀರ್ಪು ಹೇಳುವ ಬಗೆಗೆ ಇನ್ನೂ ನಿಖರವಾದ ಪಾಠಗಳಿವೆ. ಚೆಂಡು ಮೈದಾನದ ಒಳಗಡೆಯೇ ಬಿದ್ದಿದ್ದರೆ ಅಂಪೈರ್ ಮಾತಾಡದೆ ಕೈಯಿಂದ ಒಳಗಡೆಗೆ ತೋರಿಸುತ್ತಾನೆ. ಗೆರೆಯಾಚೆ ಬಿದ್ದರೆ ಮಾತ್ರ ಗಟ್ಟಿಯಾಗಿ ‘ಫೌಲ್’ ಎನ್ನುತ್ತಾನೆ. ಎರಡಕ್ಕೂ ಬಾಯಿ ಬಳಸಿದರೆ, ಒಂದನ್ನು ಇನ್ನೊಂದಾಗಿ ಕೇಳಿಸಿಕೊಂಡ ಓಟಗಾರ ಅರ್ಧದಲ್ಲೇ ನಿಂತುಬಿಡುವ ಅಪಾಯವಿದೆ. ಮೊದಲ ಬೇಸ್‌ನ ತೀರ್ಪು ಇದಕ್ಕಿಂತ ಸೂಕ್ಷ್ಮವಾದದ್ದು. 60 ಅಡಿ ದೂರವನ್ನು ಬ್ಯಾಟುಗಾರ ಸುಮಾರು ಮೂರು ಸೆಕೆಂಡುಗಳಲ್ಲಿ ಓಡಿ ಮುಗಿಸುತ್ತಾನೆ. ಅಷ್ಟರಲ್ಲಿ ಚೆಂಡು ಬೇಸ್ ಕಾಯುವವನ ಕೈಗವಸನ್ನು ಸೇರಿತೇ ಇಲ್ಲವೇ ಎಂಬುದನ್ನು ನಿರ್ಣಯಿಸಬೇಕಾದ ಅಂಪೈರ್ ಎಸೆತದ ದಾರಿಗೆ ಲಂಬಕೋನದಲ್ಲಿ ನಿಂತು, ದೇಹವನ್ನು ಅಲುಗಿಸದೆ, ಕಣ್ಣನ್ನು ಬೇಸಿನ ಮೇಲೆ ನೆಟ್ಟು, ಕಿವಿಯನ್ನು ಕೈಗವಸಿಗೆ ಕೊಡುತ್ತಾನೆ. ಕಾಲು ಬೇಸನ್ನು ಮುಟ್ಟುವುದನ್ನು ಕಂಡು, ಚೆಂಡು ಕೈಗವಸಿಗೆ ಬಡಿದ ಸದ್ದನ್ನು ಕೇಳಿ, ಯಾವುದು ಮೊದಲು ಎಂಬುದನ್ನು ಮನಸ್ಸಿನಲ್ಲಿ ಹೋಲಿಸಿ, ಚೆಂಡು ಕೈಜಾರಿಲ್ಲವೆಂಬುದನ್ನೂ ಖಚಿತಪಡಿಸಿಕೊಂಡ ಮೇಲೆಯೇ ಬಲಗೈ ಮುಷ್ಟಿ ಎತ್ತಿ ಔಟ್ ಎನ್ನುತ್ತಾನೆ ಅಥವಾ ಅಂಗೈಗಳನ್ನು ನೆಲಮುಖ ಮಾಡಿ ಎರಡೂ ಕೈ ಚಾಚಿ ಸೇಫ್ ಎನ್ನುತ್ತಾನೆ. ಈ ಕಿರು ವಿರಾಮವಿಲ್ಲದೆ ಆತುರದಲ್ಲಿ ಕೊಟ್ಟ ತೀರ್ಪು ತಪ್ಪಾಗುವ ಸಂಭವ ಹೆಚ್ಚು. ವಿರಾಮ ಮಿತಿಮೀರಿದರೆ ಅಂಪೈರ್‌ಗೆ ಧೈರ್ಯ ಸಾಲದೆಂದು ಎಲ್ಲರೂ ಭಾವಿಸುತ್ತಾರೆ.

ವಾದವಿವಾದದ ಸಂದರ್ಭದಲ್ಲಿ ಶಿಸ್ತಿನ ನಿಜವಾದ ಪರೀಕ್ಷೆ ನಡೆಯುತ್ತದೆ. ನಿಯಮವನ್ನು ತಪ್ಪಾಗಿ ಅನ್ವಯಿಸಿದಾಗ ತಂಡವು ವಿಧಿಬದ್ಧವಾಗಿ ಪ್ರತಿಭಟನೆ ಸಲ್ಲಿಸಬಹುದು. ಆದರೆ ಎಸೆತ ಸ್ಟ್ರೈಕ್ ಆಗಿತ್ತೇ, ಓಟಗಾರ ಔಟಾಗಿದ್ದನೇ ಎಂಬಂಥ ಕಣ್ಣಳತೆಯ ತೀರ್ಪುಗಳ ವಿರುದ್ಧ ಪ್ರತಿಭಟನೆಗೆ ಎಡೆಯಿಲ್ಲ. ಒಬ್ಬ ಅಂಪೈರಿನ ತೀರ್ಪನ್ನು ಇನ್ನೊಬ್ಬ ತಾನಾಗಿಯೇ ರದ್ದುಮಾಡುವಂತಿಲ್ಲ. ತೀರ್ಪು ಕೊಟ್ಟವನು ಕೇಳಿದರೆ ಮಾತ್ರ ಸಹೋದ್ಯೋಗಿ ತಾನು ಕಂಡದ್ದನ್ನು ಹೇಳಬೇಕು, ಕೊನೆಯ ಮಾತು ಕೇಳಿದವನದೇ. ಸಿಟ್ಟಾದ ತರಬೇತುದಾರನ ಮೊದಲ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳದಿರುವುದು, ಪ್ರಶ್ನೆಯಿದ್ದರೆ ಚುಟುಕಾಗಿ ಉತ್ತರಿಸುವುದು, ಮಿತಿ ದಾಟಿದರೆ ಎಚ್ಚರಿಸುವುದು, ಅದಕ್ಕೂ ಬಗ್ಗದಿದ್ದರೆ ಮೈದಾನದಿಂದ ಹೊರಹಾಕುವುದು – ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವಂತೆ ತರಬೇತಿಯಲ್ಲಿ ಕಲಿಸುತ್ತಾರೆ. ದನಿಗೆ ದನಿ ಕೂಡಿಸಿ ಕೂಗುವ ಅಂಪೈರ್ ತಾನು ಉಟ್ಟ ಉಡುಪು ಅಳಿಸಿದ್ದ ಖಾಸಗಿ ವ್ಯಕ್ತಿಯನ್ನು ತಾನೇ ಮತ್ತೆ ಮೈದಾನಕ್ಕೆ ಕರೆತರುತ್ತಾನೆ.

ಮಾನದಂಡಗಳ ಮಿತಿ

ಈ ಕಟ್ಟುಪಾಡುಗಳನ್ನು ಟೀಕಿಸುವವರ ಮಾತಿನಲ್ಲಿಯೂ ಹುರುಳಿದೆ. ಟೋಪಿಯಿಂದ ಬೂಟಿನವರೆಗೆ ಎಲ್ಲವನ್ನೂ ಕೈಯಿಂದ ಖರ್ಚುಮಾಡಿ ಕೊಳ್ಳಬೇಕಾದಾಗ, ಕೆಲವೇ ಪಂದ್ಯಗಳ ಸಂಭಾವನೆ ಪಡೆಯಲಿರುವ ಹೊಸಬರು ಆರಂಭದಲ್ಲೇ ಹಿಂಜರಿಯುತ್ತಾರೆ. ಅಂಗಿಯ ಇಸ್ತ್ರಿಯ ಮೇಲೆ ಕಣ್ಣಿಟ್ಟ ಮೇಲ್ವಿಚಾರಕರು ನಿಯಮದ ಜ್ಞಾನವನ್ನು ಕಡೆಗಣಿಸಿದರೆ, ನೋಡಲು ಲಕ್ಷಣವಾಗಿದ್ದು ಕೆಲಸ ಬಾರದವರು ಮೇಲೇರುತ್ತಾರೆ. ಅಂಪೈರುಗಳ ಕೊರತೆಯೂ ಇದಕ್ಕೆ ಸೇರಿಕೊಂಡಿದೆ: 2018–19ರ ಬಳಿಕದ ಕೆಲವೇ ವರ್ಷಗಳಲ್ಲಿ ಎಲ್ಲ ಆಟಗಳನ್ನೂ ಲೆಕ್ಕಕ್ಕೆ ಹಿಡಿದು ಸುಮಾರು 50,000 ಮಂದಿ ತೀರ್ಪುಗಾರರು ಪ್ರೌಢಶಾಲಾ ಕ್ರೀಡೆಗಳಿಂದ ದೂರ ಸರಿದರೆಂದು ಅಮೆರಿಕದ ಪ್ರೌಢಶಾಲಾ ಕ್ರೀಡಾ ಒಕ್ಕೂಟ ಹೇಳಿದೆ. ಪೋಷಕರ ಮತ್ತು ತರಬೇತುದಾರರ ಬೈಗುಳ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಜನ ಸಾಲದ ಕಡೆ, ಬಂದವರ ಪ್ಯಾಂಟಿನ ಬಣ್ಣ ನೋಡಿ ವಾಪಸು ಕಳಿಸುವುದು ಯಾವ ಲೀಗಿಗೂ ಸಾಧ್ಯವಾಗದ ಮಾತು.

ಇನ್ನೊಂದು ಕಡೆ, ವೃತ್ತಿಶಿಸ್ತಿನ ವ್ಯಾಪ್ತಿ ಉಡುಪಿನಾಚೆಗೆ ಹಿಗ್ಗಿದೆ. ಮಕ್ಕಳ ಆಟಗಳಲ್ಲಿ ಕೆಲಸ ಮಾಡುವ ವಯಸ್ಕರು ದೌರ್ಜನ್ಯದ ಶಂಕೆ ಬಂದರೆ ವರದಿ ಮಾಡಲೇಬೇಕೆಂಬ ಕಾನೂನು ಅಮೆರಿಕದಲ್ಲಿ 2018ರಲ್ಲಿ ಜಾರಿಗೆ ಬಂದ ಮೇಲೆ, ಅಂಪೈರುಗಳ ಹಿನ್ನೆಲೆಯ ಪರಿಶೀಲನೆ ಮತ್ತು ಸುರಕ್ಷತೆಯ ತರಬೇತಿಗಳು ನೋಂದಣಿಯ ಭಾಗವಾಗಿವೆ. ಬೂಟಿನ ಹೊಳಪಿಗಿಂತ ಈ ಪರಿಶೀಲನೆ ಮುಖ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎರಡರ ಉದ್ದೇಶವೂ, ಅಪರಿಚಿತನೊಬ್ಬನ ಮೇಲೆ ಜನ ಇಡಬೇಕಾದ ಭರವಸೆಗೆ ಆಧಾರ ಒದಗಿಸುವುದೇ.

ಶಾಲಾ ಹಾಗೂ ವಿಶ್ವವಿದ್ಯಾಲಯ ಮಟ್ಟದ ಕ್ರೀಡಾಕೂಟಗಳ ಮೂಲಕ ಕರ್ನಾಟಕಕ್ಕೂ ಪರಿಚಿತವಾಗಿರುವ ಈ ಆಟದಲ್ಲಿ, ಅಥವಾ ದೈಹಿಕ ಶಿಕ್ಷಕರೇ ಸೀಟಿ ಹಿಡಿದು ನಡೆಸುವ ಕಬಡ್ಡಿ, ಖೋ ಖೋ, ವಾಲಿಬಾಲ್ ಪಂದ್ಯಗಳಲ್ಲಿ, ಅಮೆರಿಕದ ನೀಲಿ ಅಂಗಿಯನ್ನು ಅನುಕರಿಸುವ ಅಗತ್ಯವಿಲ್ಲ. ಪರಿಗಣಿಸಬೇಕಾದದ್ದು ಅದರ ಹಿಂದಿನ ಲೆಕ್ಕಾಚಾರವನ್ನು. ಹೊತ್ತಿಗೆ ಮುಂಚೆ ಬರುವುದಕ್ಕೆ, ಸಹೋದ್ಯೋಗಿಯೊಡನೆ ಮೊದಲೇ ಮಾತಾಡಿಕೊಳ್ಳುವುದಕ್ಕೆ, ಸರಿಯಾದ ಕೋನದಲ್ಲಿ ನಿಲ್ಲುವುದಕ್ಕೆ, ಎರಡೂ ತಂಡಗಳಿಂದ ಸಮಾನ ದೂರ ಕಾಯ್ದುಕೊಳ್ಳುವುದಕ್ಕೆ ಖರ್ಚಿಲ್ಲ. ಉಡುಪು ಅಂಪೈರ್‌ಗೆ ಮೊದಲ ಇನ್ನಿಂಗ್ಸಿನ ಗೌರವವನ್ನಷ್ಟೇ ಮುಂಗಡವಾಗಿ ಕೊಡಿಸಬಲ್ಲದು. ಏಳು ಇನ್ನಿಂಗ್ಸುಗಳ ಪಂದ್ಯದ ಉಳಿದ ಆರರಲ್ಲಿ ಆ ಸಾಲವನ್ನು ಅವನು ತನ್ನ ತೀರ್ಪುಗಳಿಂದಲೇ ತೀರಿಸಬೇಕು.